ಚೊಡಣ ನಡುಗಡ್ಡಿಯ ಬಸವನಹುಳ

ಮೊದಲ ಮಳಿ ಬಿದ್ದ ಮೂರನೇ ರಾತ್ರಿ
ಬ್ಯಾಟರಿ ಹಿಡಕೊಂಡು ಬದನಿ ಸಾಲಿಗೆ ಹೋದೆ.
ಎಲಿ ಇರಲಿಲ್ಲ. ದಂಟಿತ್ತು,
ಬೆಳ್ಳನ ಜೊಲ್ಲಿನ ಗೆರಿ ಇತ್ತು,
ಗೆರಿ ಮುಗಿಯೂದ್ರಾಗ ಅಂವ ಇದ್ದ:
ಎರಡು ಕೋಡು, ಬೆನ್ನ ಮ್ಯಾಲ ತಿರುವಿದ ಗೋಪುರ,
ಹೆಬ್ಬಟ್ಟಿನಷ್ಟಲ್ಲ, ನನ್ನ ಮುಷ್ಟಿಯಷ್ಟು.

“ಉಪ್ಪು ಹಾಕು, ಶಿವಲೀಲಾ,” ಅಂದ್ಲು ಎಸ್ಪೆರಾನ್ಸಾಬಾಯಿ,
ಮೀನಿಗೆ ಹಚ್ಚೋ ಕಲ್ಲುಪ್ಪಿನ ಡಬ್ಬಿ ಚಾಚಿ.
ಹಾಕಿದ್ರ ನೊರಿ ಬಂದು, ಕರಗಿ, ಮುಗೀತದಂತ.
ಡಬ್ಬಿ ಇಸಕೊಂಡೆ. ಕೈ ಏಳಲಿಲ್ಲ.
ನಾ ಇಂಡಿ ತಾಲೂಕಿನಾಕಿ, ಬಾಯೀ,
ನಮ್ಮ ಕಡಿ ಇದಕ್ಕ ಏನಂತಾರ ಗೊತ್ತದ ಏನು? ಬಸವನ ಹುಳ.
ಹೆಸರಿಟ್ಟಾವ ಯಾವನೋ, ಇಟ್ಟು ಹೋದ,
ಉಪ್ಪಿನ ಡಬ್ಬಿ ಹಿಡಕೊಂಡು ನಿಂತಾಕಿ ನಾನು.

ಶುಕ್ರವಾರ ಮಾಪ್ಸಾ ಸಂತಿಯೊಳಗ ಐದು ಬಾತು ಕೊಂಡೆ.
ಪೊಂಬುರ್ಪಾ ದಂಡಿಯಿಂದ ಫೆರಿ;
ಮಂದಿಗೆ ಪುಕ್ಕಟೆ, ಬಾತಿಗೂ ಪುಕ್ಕಟೆ.
ನಡುನೀರಿಗೆ ಬಂದಾಗ ಬುಟ್ಟಿಯಿಂದ ಐದು ಕುತ್ತಿಗಿ ಎದ್ದವು
ತಮ್ಮ ಊರು ಬಂತೇನೋ ಅಂತ.

ಕೋಳಿ ಮೊದಲೇ ಇದ್ದವು, ಹನ್ನೊಂದು.
ಗೆದ್ದಲು ತಿಂದವು, ಮಿಡತಿ ತಿಂದವು,
ಉದುರಿದ ಹುಳಕಬದನಿ ಸೀಳಿ ಒಳಗಿನ ಬಿಳಿ ಹುಳ ಹಿರಿದವು,
ಹಂಗ ಮುಂದ ಹೋಗಿ
ನಾ ನಿನ್ನಿ ಹಚ್ಚಿದ ಹರವಿ ಸಸಿ ಬುಡಮೇಲು.
ಬೈದೆ. ಕಲ್ಲು ಒಗೆದೆ. ಆಮ್ಯಾಲ ಕಲಿತೆ:
ಗಿಡ ಮೊಣಕಾಲು ಮುಟ್ಟೋತನಕ ಬೇಲಿ ತೆಗೀಬಾರದು.
ಮುಟ್ಟಿದ ಮ್ಯಾಲ ಸಂಜೀಕ ಒಂದು ತಾಸು, ಅಷ್ಟ ಸಾಕು.
ಹಸಿದಾಗ ಹುಳ, ಹೊಟ್ಟಿ ತುಂಬಿದ್ರ ಚೇಷ್ಟಿ.
ನನ್ನ ಮೈದುನಂದೂ ಇದೇ ಕತಿ.

ಬಾತು ಕೆದರೂದಿಲ್ಲ.
ಮಳಿಯಾಗ ಸಾಲು ಹಿಡಿದು ನಡೀತಾವ
ಕಂದಾಯಕ್ಕ ಬಂದ ತಲಾಟಿಗಳಂಗ,
ಎಲಿ ಎತ್ತಿ ನೋಡ್ತಾವ, ಬುಡ ಬುಡಕ್ಕ ನಿಂತು.
ಸಣ್ಣವನ್ನ ಚಿಪ್ಪು ಸಮೇತ ನುಂಗ್ತಾವ;
ಗಂಟಲೊಳಗ ಗುಡಿ ಇಳಿಯೂದು
ಹೊರಗಿನಿಂದ ಕಾಣ್ತದ.
ಮಾರಿ ಆ ಕಡಿ ಮಾಡಿ ನಿಂತೆ.
ಕೊಂದಾಕಿ ನಾನಲ್ಲ.
ಬೇಲಿ ಬಾಗಲಾ ತೆಗೆದಾಕಿ.

ಬಾತಿನ ಬಾಯಿಗೆ ಹಿಡೀಲಾರದ ದೊಡ್ಡವನ್ನ
ಎಸ್ಪೆರಾನ್ಸಾಬಾಯಿ ಕಲ್ಲಿಂದ ಒಡೀತಾಳ,
ಒಡೆದು, ಹಣಿಯಿಂದ ಎದಿತನಕ ಶಿಲುಬಿ ಗೀರಿಕೋತಾಳ.
“ಇದು ನಿನ್ನ ಸಲುವಾಗಿ,” ಅಂತಾಳ.

ಶ್ರಾವಣಕ್ಕ, ಎರಡನೇ ಸಲ ಹಚ್ಚಿದ ಬದನಿ ಹೂ ಬಿಟ್ಟವು.
ಬಾತಿನ ತತ್ತಿ ನೀಲಿಗೆ ತಿರುಗಿದ ಹಸರು,
ಚಿಪ್ಪು ಎಷ್ಟು ಗಟ್ಟಿ ಅಂದ್ರ
ಬಟ್ಟಲದ ಅಂಚಿಗೆ ಎರಡು ಸಲ ಬಡೀಬೇಕು.
ಗೋಪುರದ ಸುಣ್ಣ ಎಲ್ಲಿ ಹೋತು ಅಂತ ಕೇಳಬ್ಯಾಡ್ರಿ.
ತತ್ತಿ ಬಾಯಿಗೆ, ಚಿಪ್ಪು ನನಗ:
ಒಣಗಿಸಿ, ಕುಟ್ಟಿ, ಬದನಿ ಬುಡಕ್ಕ ಹಾಕಿದೆ.
ಕಾಯಿ ಬಂತು. ಗುರೆಳ್ಳು ತುಂಬಿ ಎಣ್ಣಿಗಾಯಿ ಮಾಡಿ
ರೊಟ್ಟಿ ಜೋಡಿ ಉಣ್ಣಾಕ ಕುಂತೆ.
ಎರಡನೇ ತುತ್ತಿಗೆ ಹಲ್ಲಾಗ ಏನೋ ಕಟಕ್ ಅಂತು.
ಉಸುಕಿರಬೇಕು.
ಇಲ್ಲಿಯ ನೀರೇ ಹಂಗ, ಉಸುಕೇ ಇರಬೇಕು.
ಎಡಗೈಲೆ ಕೊರಳಾಗಿನ ಲಿಂಗ ಮುಟ್ಟಿಕೊಂಡೆ,
ಬಲಗೈ ರೊಟ್ಟಿ ಮುರೀತಿತ್ತು.

ನಿನ್ನಿ ರಾತ್ರಿ ನನ್ನ ಖೋಲಿ ಹೊಸ್ತಲಕ್ಕ ಒಬ್ಬ ಬಂದಿದ್ದ.
ಬಾತು ಮಲಗಿದ್ದವು. ಉಪ್ಪಿನ ಡಬ್ಬಿ ಕೈಯಳತಿಯಾಗಿತ್ತು.
ಕೋಡು ಚಾಚಿ ನನ್ನ ಕಾಲ್ಬೆರಳು ನೋಡಿದ,
ಒಳಗ ಎಳಕೊಂಡ, ಮತ್ತ ಚಾಚಿದ.
ಬಾಳಿ ಎಲಿ ಮ್ಯಾಲ ಹತ್ತಿಸಿಕೊಂಡೆ,
ತಲಿಮ್ಯಾಲ ಸೆರಗು ಎಳಕೊಂಡು
ಮಳಿಯಾಗ ಗೋಡಿತನಕ ಹೋದೆ.
ಆಚಿಗೆ ಕುಟಿನ್ಹೋ ಅವರ ಬೆಂಡಿ.
ಅವರ ಹತ್ರ ಬಾತಿಲ್ಲ.
ಮೆತ್ತಗ ಇಳಿಸಿದೆ.